ತಲೆಕೆಳಗಾದ ಮೂವತ್ತೆರಡು ಪುಟ

ಎಮಿಲ್ ಹುಡಾಕ್ ಅವರಿಗೆ ಓದುಗರಿರಲಿಲ್ಲ. ಕಡಿಮೆ ಇದ್ದರು ಅಂತಲ್ಲ, ಒಬ್ಬರೂ ಇರಲಿಲ್ಲ. ಅವರ ಕಾದಂಬರಿಯನ್ನು ಅತ್ತಿಗೆ ಒಬ್ಬಳು ಪೂರ್ತಿ ಓದಿದ್ದಳು. ಆದರೆ ಆಕೆ ಔಷಧಿ ಬಾಟಲಿಗೆ ಅಂಟಿಸಿದ ಚೀಟಿಯನ್ನೂ ಪೂರ್ತಿ ಓದುವವಳು, ಹಾಗಾಗಿ ಎಮಿಲ್ ಅವಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನಮ್ಮ ಪುಸ್ತಕದ ಸಂತೆ ನಡೆಯುವುದು ಕಾರ್ವರ್ ಕ್ರೀಕ್‌ನ ಫೈರ್ ಹಾಲ್‌ನಲ್ಲಿ, ಅಕ್ಟೋಬರ್‌ನ ಎರಡನೇ ಶನಿವಾರ ಮತ್ತು ಭಾನುವಾರ. ಬೆಂಕಿ ಆರಿಸುವ ಎರಡು ಲಾರಿಗಳನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಅವು ನಿಲ್ಲುತ್ತಿದ್ದ ಜಾಗದಲ್ಲಿ ಅರವತ್ತು ಮೇಜು ಹಾಕುತ್ತಾರೆ. ದೆವ್ವ, ಡ್ರ್ಯಾಗನ್, ಮಾಟಗಾತಿ, ತೋಳ ಆಗುವ ಮನುಷ್ಯ, ಏನು ಬೇಕಾದರೂ ಸಿಗುತ್ತದೆ. ಬರೆದವರೇ ಮಾರುವವರು. ನಮಗೆ ಯಾರಿಗೂ ಪ್ರಕಾಶಕರಿಲ್ಲ. ಅಚ್ಚು ಹಾಕಿಸುವ ದುಡ್ಡು ನಮ್ಮದು, ಮುಖಪುಟ ಬರೆಯುವುದು ಸೋದರಳಿಯ, ತಪ್ಪು ತಿದ್ದುವುದು ಯಾರೂ ಇಲ್ಲ.

ನಾವು ನಾಲ್ಕು ಜನ ಅಡುಗೆಮನೆ ಬಾಗಿಲ ಪಕ್ಕದ ಸಾಲಿನವರು. ಒಳ್ಳೆಯ ಜಾಗ. ಒಳಗೆ ಊರಿನ ಹೆಂಗಸರು ಬೆಣ್ಣೆ, ಈರುಳ್ಳಿ ಹಾಕಿ ಪಿರೋಗಿ ಅನ್ನುವ ಆಲೂಗಡ್ಡೆ ಕಡುಬು ಹುರಿಯುತ್ತಾರೆ, ಅದಕ್ಕೆ ನಿಂತ ಜನ ಬೇರೆ ದಾರಿಯಿಲ್ಲದೆ ನಮ್ಮ ಮುಖ ನೋಡಬೇಕು. ನಾನು ಟೆಸ್ ಮೊರಾವೆಕ್, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ನನ್ನ ಕಾದಂಬರಿ ಎಷ್ಟು ಒಗೆದರೂ ವಾಪಸ್ ಬರುವ ಒಂದು ಕಲೆಯ ಬಗ್ಗೆ. ನನ್ನ ಬಲಕ್ಕೆ ಡೀನಾ ಮರ್ಕಾಂಟೆ, ಬ್ಯೂಟಿ ಪಾರ್ಲರ್ ನಡೆಸುತ್ತಾಳೆ, ರಕ್ತಪಿಶಾಚಿಗಳ ಮೇಲೆ ಒಂಬತ್ತು ಸಂಪುಟ ಬರೆದಿದ್ದಾಳೆ. ಅವಳ ಆಚೆ ಓಟಿಸ್ ಬ್ಲೆಡ್‌ಸೋ, ಇಪ್ಪತ್ತಮೂರು ವರ್ಷ, ಪಿಜ್ಜಾ ಅಂಗಡಿಯಲ್ಲಿ ಕೆಲಸ, ಡ್ರ್ಯಾಗನ್ ಕಥೆ. ನನ್ನ ಎಡಕ್ಕೆ ಎಮಿಲ್. ಮೂವತ್ತು ವರ್ಷ ಮನೆ ಮನೆಯ ನೆಲಮಾಳಿಗೆಗೆ ಇಳಿದು ನೀರಿನ ಮೀಟರ್ ನೋಡಿ ಬರೆದುಕೊಂಡು ನಿವೃತ್ತರಾದವರು. ಅವರ ಪುಸ್ತಕದ ಹೆಸರು ‘ಕೆಳಗಿನ ಮನೆ’. ಮುಖಪುಟದಲ್ಲಿ ಒಂದು ಪೈಪು, ಒಂದು ಮೀಟರು. ಒಂದು ವರ್ಷ ಯಾರೋ ಅದನ್ನು ಕೊಂಡು, ಅರ್ಧ ಗಂಟೆ ಬಿಟ್ಟು ವಾಪಸ್ ತಂದಿದ್ದ. "ಪೈಪ್ ರಿಪೇರಿ ಬಗ್ಗೆ ಇದ್ರಲ್ಲಿ ಏನೂ ಇಲ್ವಲ್ಲ" ಅಂದಿದ್ದ. ಎಮಿಲ್ ಕ್ಷಮೆ ಕೇಳಿ ದುಡ್ಡು ಕೊಟ್ಟಿದ್ದರು.

ಸಂತೆಯಲ್ಲೊಂದು ಪದ್ಧತಿ ಇದೆ. ಪಕ್ಕಕ್ಕೆ ಹೊಸಬರು ಬಂದರೆ ಬಾಗಿಲು ತೆರೆಯುವ ಮೊದಲು ಪುಸ್ತಕ ಅದಲು ಬದಲು ಮಾಡಿಕೊಳ್ಳಬೇಕು. "ಓದಿ ಹೇಳ್ತೀನಿ" ಅನ್ನಬೇಕು. ಓದುವುದಿಲ್ಲ. ಮುಂದಿನ ವರ್ಷ ‘ಓದಿದೆಯಾ’ ಅಂತ ಕೇಳುವುದೂ ಇಲ್ಲ, ಅದು ಮರ್ಯಾದೆ. ನಾಲ್ಕು ವರ್ಷದ ಹಿಂದೆ ಎಮಿಲ್ ನಮ್ಮ ಮೂವರಿಗೂ ಒಂದೊಂದು ಪ್ರತಿ ಕೊಟ್ಟಿದ್ದರು. ನನ್ನದು ಮನೆಯಲ್ಲಿ ಮೇಲೆತ್ತಿದ ಕಿಟಕಿ ಕೆಳಗೆ ಜಾರದ ಹಾಗೆ ಆನಿಸಿಟ್ಟಿದೆ.

ಎಮಿಲ್ ಮಾತ್ರ ಓದುತ್ತಿದ್ದರು. ಪೆನ್ಸಿಲ್ ಹಿಡಿದು, ಎಲ್ಲರದ್ದನ್ನೂ. ಆಮೇಲೆ ಅವನ್ನೇ ಮಾರುತ್ತಿದ್ದರು. ಬಂದವರನ್ನು ಯಾವ ಪುಸ್ತಕ ಇಷ್ಟ ಅಂತ ಅವರು ಕೇಳುತ್ತಿರಲಿಲ್ಲ.

"ಕೊನೇದಾಗಿ ಯಾವ ಪುಸ್ತಕ ಅರ್ಧಕ್ಕೆ ಬಿಟ್ರಿ?"

"ಯಾವುದೋ ರಾಜಕುಮಾರಂದು. ಮುನ್ನೂರು ಪುಟ ಬರೀ ಕುದುರೆ ಮೇಲೇ ಹೋಗ್ತಿದ್ರು."

"ಹಾಗಾದ್ರೆ ಓಟಿಸ್‌ದು ತಗೊಳ್ಳಿ. ಡ್ರ್ಯಾಗನ್ ಇದೆ, ಆದ್ರೆ ಅದಕ್ಕೆ ವಯಸ್ಸಾಗಿದೆ, ಹಾರೋಕಾಗಲ್ಲ. ಊರೋರು ಸರದಿ ಹಾಕ್ಕೊಂಡು ಅದನ್ನ ನೋಡ್ಕೋಬೇಕು. ನೂರಾ ಹತ್ತನೇ ಪುಟದಲ್ಲಿ ಒಬ್ಬ ವಿಧವೆ ಅದಕ್ಕೆ ಸ್ನಾನ ಮಾಡಿಸ್ತಾಳೆ. ಅದೊಂದಕ್ಕೇ ಕೊಟ್ಟ ದುಡ್ಡು ವಸೂಲು. ಯುದ್ಧ ಬಂದಾಗ ಹಾರಿಸ್ಕೊಂಡು ಓದಿ, ಯುದ್ಧ ಬರೆಯೋಕೆ ಇವ್ನಿಗೆ ಬರಲ್ಲ."

ಓಟಿಸ್ ಕಿವಿ ಕೆಂಪಗೆ ಮಾಡಿಕೊಂಡು ಸಹಿ ಹಾಕಿ ಕೊಡುತ್ತಿದ್ದ. ಡೀನಾಳದ್ದಾದರೆ "ಒಂದು, ಎರಡು ಬಿಟ್ಬಿಡಿ, ಮೂರರಿಂದ ಶುರು ಮಾಡಿ, ಆಗ ಇವಳಿಗೆ ಕೈ ಕುದುರಿತ್ತು." ನನ್ನದಾದರೆ "ಊಟಕ್ಕೆ ಮುಂಚೆ ಓದ್ಬೇಡಿ. ಊಟ ಆದ್ಮೇಲೂ ಬೇಡ." ಹೀಗೆ ಬೈದು ಬೈದು ನಮ್ಮ ಪುಸ್ತಕಗಳನ್ನು ಖರ್ಚು ಮಾಡಿಸುತ್ತಿದ್ದರು. ಅವರ ಪುಸ್ತಕದ ಬಗ್ಗೆ ಕೇಳಿದರೆ ಮಾತ್ರ "ಅದಾ? ಅದು ಒಬ್ಬ ಮೀಟರ್ ನೋಡೋನ ಕಥೆ, ಅಷ್ಟೇ" ಅಂದು ಗಿರಾಕಿಯನ್ನು ನಮ್ಮ ಕಡೆ ತಳ್ಳುತ್ತಿದ್ದರು.

ಈ ವರ್ಷ ಶುಕ್ರವಾರ ಮೇಜಿಗೆ ಬಟ್ಟೆ ಹಾಸುವಾಗ ಅವರು ನನಗೆ ಹೇಳಿದರು, "ಮುಂದಿನ ವರ್ಷ ನನ್ನ ಮೇಜು ಬೇರೆಯವ್ರಿಗೆ ಕೊಡಿ ಅಂತ ಹೇಳಿದೀನಿ, ಟೆಸ್."

"ಯಾಕೆ, ಬೆನ್ನು ನೋವಾ?"

"ಬೆನ್ನು ಚೆನ್ನಾಗೇ ಇದೆ. ಎರಡನೇ ಪುಸ್ತಕ ಅರ್ಧ ಬರ್ದಿದೀನಿ. ಮೊದಲನೇದನ್ನೇ ಯಾರೂ ಓದ್ದಿದ್ರೆ ಎರಡನೇದು ಯಾರಿಗೆ? ಈ ಎರಡು ದಿನದಲ್ಲಿ ಗುರುತಿಲ್ಲದೋರು ಒಬ್ರು, ಒಬ್ಬೇ ಒಬ್ರು ಓದಿದ್ರೆ ಮುಂದುವರಿಸ್ತೀನಿ. ಇಲ್ಲಾಂದ್ರೆ ಮೀನು ಹಿಡೀತೀನಿ."

"ಮೀನು ಹಿಡಿಯೋಕೆ ಬರುತ್ತಾ ನಿಮಗೆ?"

"ಇಲ್ಲ."

ಶನಿವಾರ ಬೆಳಿಗ್ಗೆ ಇದನ್ನು ಡೀನಾ, ಓಟಿಸ್ ಇಬ್ಬರಿಗೂ ಹೇಳಿದೆ.

"ಅವರು ಹೋದ್ರೆ ನಮ್ಮ ಪುಸ್ತಕ ಮಾರೋರ್ಯಾರು?" ಅಂದ ಓಟಿಸ್.

"ನಾನೂ ಅದೇ ಯೋಚಿಸ್ತಿದೀನಿ ಕಣೋ," ಅಂದಳು ಡೀನಾ. "ಪಾಪ ಅನ್ನೋದೆಲ್ಲ ಆಮೇಲೆ. ಈಗ ಬಂದೋರಿಗೆಲ್ಲ ಅವನ ಪುಸ್ತಕಾನೇ ತೋರ್ಸೋಣ."

ಒಪ್ಪಿದೆವು. ನಿಜ ಹೇಳಬೇಕೆಂದರೆ ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. ಆದರೆ ಉಳಿದಿಬ್ಬರು ಓದಿರುತ್ತಾರೆ ಅಂದುಕೊಂಡೆ. ಅವರೂ ಹಾಗೇ ಅಂದುಕೊಂಡಿದ್ದರು. ಯಾರೂ ಯಾರನ್ನೂ ಕೇಳಲಿಲ್ಲ, ಮರ್ಯಾದೆ ಅಲ್ಲವಾ?

ಹನ್ನೊಂದೂವರೆಗೆ ಎಮಿಲ್ ಪಿರೋಗಿ ತರಲು ಒಳಗೆ ಹೋದರು. ಆಗ ಬಂದವಳು ಮಾರ್ವಾ ಗ್ರಿಗ್ಸ್. ದೊಡ್ಡ ಆಳು, ಮೈಮೇಲೆ ರಸ್ತೆ ಇಲಾಖೆಯ ಕಿತ್ತಳೆ ಬಣ್ಣದ ಕೋಟು.

"ನಾನು ಹಿಮ ತೆಗೆಯೋ ಲಾರಿ ಓಡಿಸ್ತೀನಿ," ಅಂದಳು. "ಹಿಮ ಬೀಳೋವರೆಗೂ ಒಳಗೆ ಸುಮ್ನೆ ಕಾಯ್ತಾ ಕೂತಿರ್ಬೇಕು, ಕಣ್ಣು ಮುಚ್ಚಬಾರ್ದು. ನಿದ್ದೆ ಬರದಂಥದ್ದು ಯಾವುದಾದ್ರೂ ಕೊಡಿ."

ನಾನು ಕೈ ಚಾಚಿ ಎಮಿಲ್ ಮೇಜಿನಿಂದ ಒಂದು ಪ್ರತಿ ಎತ್ತಿ ಕೊಟ್ಟೆ. "ಇದು ತಗೊಳ್ಳಿ. ನೆಲಮಾಳಿಗೇಲಿ ಒಂದು ದೆವ್ವ ಇರುತ್ತೆ. ಒಬ್ಬೊಬ್ಬರನ್ನೇ ಪೈಪ್ ಒಳಗೆ ಎಳ್ಕೊಳ್ಳುತ್ತೆ. ನಲ್ಲೀಲಿ ರಕ್ತ ಬರುತ್ತೆ." ಮುಖಪುಟ ನೋಡಿಕೊಂಡೇ ಕಟ್ಟಿದ ಕಥೆ.

ಅವಳು ಪುಸ್ತಕ ಹಿಡಿದುಕೊಂಡು ಎರಡು ಹೆಜ್ಜೆ ಮುಂದೆ ಹೋದಳು. ಡೀನಾ ಎದ್ದು ನಿಂತಳು.

"ಅಯ್ಯೋ ಚಿನ್ನ, ಆ ಪುಸ್ತಕಾನಾ! ಎಂಥ ಪ್ರೇಮಕಥೆ ಅಂತೀಯ! ಅವನು ತಿಂಗಳಿಗೊಂದ್ಸಲ ಮೀಟರ್ ನೋಡೋಕೆ ಬರ್ತಾನೆ, ಅವಳು ಕಾಯ್ತಾಳೆ. ಕೊನೇಲಿ ನಾನು ಅತ್ತೂ ಅತ್ತೂ ಒಬ್ಬ ಗಿರಾಕಿ ಕೂದ್ಲು ಮೋಟು ಕತ್ತರಿಸ್ಬಿಟ್ಟೆ."

ಮಾರ್ವಾ ನನ್ನ ಕಡೆ ತಿರುಗಿ ನೋಡಿದಳು. ನಾನು ಚಿಲ್ಲರೆ ಡಬ್ಬಿ ನೋಡಿದೆ. ಅಷ್ಟರಲ್ಲಿ ಓಟಿಸ್ ಬಾಯಿ ಹಾಕಿದ.

"ಕುಬ್ಜರ ಭಾಗ ಮಾತ್ರ ಸೂಪರ್. ನೆಲದ ಕೆಳಗೆ ಅವರದ್ದೊಂದು ಪೂರ್ತಿ ರಾಜ್ಯ. ನಕ್ಷೆ ಬೇರೆ ಇದೆ."

ಮಾರ್ವಾ ಪುಟ ತಿರುವಿದಳು. "ಎಲ್ಲಿ ನಕ್ಷೆ?"

"ಅದು... ಮುಂದಿನ ಮುದ್ರಣದಲ್ಲಿ."

ಎಮಿಲ್ ಕಾಗದದ ತಟ್ಟೆ ಹಿಡಿದು ಅವಳ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ. ಪಿರೋಗಿಯಿಂದ ಹಬೆ ಏಳುತ್ತಿರಲಿಲ್ಲ.

"ಇದನ್ನ ಬರೆದೋರು ಯಾರು?" ಅಂತ ಕೇಳಿದಳು ಮಾರ್ವಾ.

"ನಾನು," ಅಂದರು ಎಮಿಲ್.

"ಇವ್ರು ಮೂರು ಜನ ಮೂರು ಕಥೆ ಹೇಳಿದ್ರು. ಇವ್ರಲ್ಲಿ ನಿಜವಾಗ್ಲೂ ಓದಿರೋರು ಯಾರು?"

"ಯಾರೂ ಇಲ್ಲ."

"ಎಮಿಲ್! ಏನ್ ಮಾತು ಅಂತ ಆಡ್ತೀಯ!" ಡೀನಾ ಎದೆ ಮೇಲೆ ಕೈ ಇಟ್ಟುಕೊಂಡಳು.

ಎಮಿಲ್ ತಟ್ಟೆ ಕೆಳಗಿಟ್ಟರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ. "ನಿಮಗೆ ಕೊಟ್ಟ ಮೂರು ಪ್ರತೀಲೂ ತೊಂಬತ್ತೇಳರಿಂದ ನೂರಾ ಇಪ್ಪತ್ತೆಂಟರವರೆಗೆ ಪುಟಗಳು ತಲೆಕೆಳಗಿವೆ. ಮುದ್ರಕ ತಪ್ಪು ಹೊಲಿದಿದ್ದ. ಕೊಟ್ಟ ವಾರಾನೇ ನನಗೆ ಗೊತ್ತಾಯ್ತು. ಯಾರಾದ್ರೂ ಫೋನ್ ಮಾಡಿದ ಕೂಡ್ಲೇ ಬದಲಾಯಿಸಿ ಕೊಡೋಣ ಅಂತ ಮೂರು ಒಳ್ಳೇ ಪ್ರತಿ ಕಾರಿನ ಡಿಕ್ಕೀಲಿ ಇಟ್ಕೊಂಡಿದ್ದೆ. ನಾಲ್ಕು ವರ್ಷ ಆಯ್ತು."

ಓಟಿಸ್ ಅಂದ, "ನಾನು ಅದನ್ನ ನೀವು ಬೇಕಂತಲೇ ಮಾಡಿದ್ದು ಅಂದ್ಕೊಂಡಿದ್ದೆ."

"ಎಷ್ಟನೇ ಪುಟದಿಂದ ತಲೆಕೆಳಗು, ಓಟಿಸ್?"

ಓಟಿಸ್ ಮೇಲೆ ಛಾವಣಿ ನೋಡಿದ.

"ಈಗಷ್ಟೇ ಹೇಳಿದ್ನಲ್ಲೋ," ಅಂದರು ಎಮಿಲ್.

ಮಾರ್ವಾ ನಕ್ಕಳು. ಪಿರೋಗಿ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. "ಸರಿ, ನೀವೇ ಹೇಳಿ, ಏನಿದೆ ಇದ್ರಲ್ಲಿ?"

"ಅದು ಒಬ್ಬ ಮೀಟರ್ ನೋಡೋನ ಕಥೆ, ಅಷ್ಟೇ. ನಿಮಗೆ ನಿದ್ದೆ ಬರ್ಬಾರ್ದು ಅಂದ್ರೆ ಟೆಸ್‌ದು ತಗೊಳ್ಳಿ, ಅದ್ರಲ್ಲಿ..."

ನಾನು ನನ್ನ ಪುಸ್ತಕಗಳ ಮೇಲೆ ಬಟ್ಟೆ ಎಳೆದೆ. "ನಂದು ಖಾಲಿ ಆಗಿದೆ."

"ಇಪ್ಪತ್ತು ಕಾಣ್ತಿದೆಯಲ್ಲಮ್ಮ," ಅಂದಳು ಮಾರ್ವಾ.

"ಅವೆಲ್ಲ ಬೇರೆಯವ್ರಿಗೆ ಇಟ್ಟಿರೋದು."

"ನಂದೂ ಖಾಲಿ," ಅಂದಳು ಡೀನಾ, ಒಂಬತ್ತು ಸಂಪುಟದ ಗೋಡೆಯ ಹಿಂದಿನಿಂದ.

ಮಾರ್ವಾ ಎಮಿಲ್ ಕಡೆ ತಿರುಗಿದಳು. "ನಾನು ಅರ್ಧಕ್ಕೆ ಬಿಡೋ ಪೈಕಿ. ಇದನ್ನ ಎಲ್ಲಿ ಬಿಡ್ತೀನಿ, ಅದನ್ನಾದ್ರೂ ಹೇಳಿ."

ಇದಕ್ಕೆ ಅವರು ತಡಮಾಡಲಿಲ್ಲ. "ನಲವತ್ತನೇ ಪುಟ. ಅಲ್ಲಿಂದ ಹನ್ನೊಂದು ಪುಟ ಬರೀ ಮೀಟರ್ ಬಗ್ಗೆ ಇದೆ. ತೆಗೀಬೇಕಿತ್ತು, ಮನಸ್ಸು ಬರ್ಲಿಲ್ಲ. ಅದನ್ನ ದಾಟಿದ್ರೆ ಅವನಿಗೆ ಒಂದು ಬಾಗಿಲು ಸಿಗುತ್ತೆ. ಎಲ್ಲ ಮನೆ ನೆಲಮಾಳಿಗೇಲೂ ಅದೇ ಬಾಗಿಲು, ಎಲ್ಲ ಬಾಗಿಲೂ ಒಂದೇ ಅಡುಗೆಮನೆಗೆ ಹೋಗುತ್ತೆ. ಅಲ್ಲಿ ಒಬ್ಬ ಮುದುಕಿ ಇಡೀ ಊರಿಗೆ ಸೇರಿ ಒಂದೇ ಪಾತ್ರೇಲಿ ಸೂಪ್ ಕುದಿಸ್ತಿರ್ತಾಳೆ. ಇವನಿಗೂ ಒಂದು ಬಟ್ಟಲು ಕೊಡ್ತಾಳೆ. ಅದಕ್ಕೆ ಏನು ಹಾಕ್ತಾಳೆ ಅಂತ ಇವನು ಕೇಳಲ್ಲ. ಹದಿನೇಳು ವರ್ಷ ಕುಡೀತಾನೆ, ಕೇಳಲ್ಲ."

"ಏನು ಹಾಕ್ತಾಳೆ?" ಕೇಳಿದ್ದು ಮಾರ್ವಾ ಅಲ್ಲ, ನಾನು.

"ನಿನ್ ಹತ್ರ ಪ್ರತಿ ಇದೆಯಲ್ಲ," ಅಂದರು ಎಮಿಲ್.

ಮಾರ್ವಾ ಹನ್ನೆರಡು ಡಾಲರ್ ಕೊಟ್ಟು ಪುಸ್ತಕ ಕೋಟಿನ ಜೇಬಿಗೆ ತುರುಕಿಕೊಂಡು ಹೋದಳು. ನಾವು ಮೂವರೂ ಕ್ಷಮೆ ಕೇಳಲಿಲ್ಲ, ಹೇಗೆ ಕೇಳುವುದು ಅಂತ ತಿಳಿಯಲಿಲ್ಲ. ಸಂಜೆ ಎಮಿಲ್ ಕಾರಿನಿಂದ ಮೂರು ಪ್ರತಿ ತಂದು ನಮ್ಮ ನಮ್ಮ ಮೇಜಿನ ಮೇಲೆ ಇಟ್ಟರು. ಡೀನಾ "ಓದಿ..." ಅಂತ ಶುರು ಮಾಡಿ ಬಾಯಿ ಮುಚ್ಚಿಕೊಂಡಳು.

ಕೊಂಡದ್ದೇನೋ ಆಯಿತು. ಕೊಂಡವರೆಲ್ಲ ಓದುವುದಿಲ್ಲ, ಅದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಭಾನುವಾರ ಹತ್ತು ಗಂಟೆಗೆ ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ಕಿತ್ತಳೆ ಕೋಟು. ಪುಸ್ತಕದ ಮೇಲೆ ಕಾಫಿ ಚೆಲ್ಲಿತ್ತು, ಹತ್ತು ಹನ್ನೆರಡು ಕಡೆ ಪುಟದ ಮೂಲೆ ಮಡಚಿತ್ತು. ಮಾರ್ವಾ ಬಂದವಳೇ ಎಮಿಲ್ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಆ ಹನ್ನೊಂದು ಪುಟ ಮೀಟರ್ ಇದೆಯಲ್ಲ, ಇಡೀ ಪುಸ್ತಕದಲ್ಲಿ ಅದೇ ಚೆನ್ನಾಗಿರೋದು. ನಾನೂ ದಿನಾ ಅದೇ ರಸ್ತೆ, ಲಾರಿ ಮುಂದೆ ಅದೇ ಸಲಿಕೆ. ಆದ್ರೆ ಮುದುಕೀನ ಕೊಂದಿದ್ದು ತಪ್ಪು."

ಎಮಿಲ್ ಕೈಯಲ್ಲಿದ್ದ ಬೆಲೆ ಚೀಟಿ ಕೆಳಗಿಟ್ಟರು. ಆಮೇಲೆ ಅಂದರು, "ಅವಳು ಸತ್ತಿಲ್ಲ."

"ಸತ್ತಿದಾಳೆ."

"ಬರೆದೋನು ನಾನು."

"ಓದಿದೋಳು ನಾನು. ಇನ್ನೂರ ಮೂರನೇ ಪುಟ ತೆಗೀರಿ."

ತೆಗೆದರು. ಅಲ್ಲಿಂದ ಶುರುವಾದದ್ದು ನಾಲ್ಕು ಗಂಟೆಯಾದರೂ ಮುಗಿಯಲಿಲ್ಲ. ಎಮಿಲ್ ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾರ್ವಾ ಮೇಜು ಗುದ್ದಿದಳು, ಅವರೂ ಗುದ್ದಿದರು. ಮಧ್ಯೆ ಎರಡನೇ ಪುಸ್ತಕದ ಮಾತು ಬಂತು, ಮುದುಕಿಯ ತಂಗಿಯ ಮಾತು ಬಂತು, ಎಮಿಲ್ ಪೆನ್ಸಿಲ್ ತೆಗೆದು ಕೈ ಒರೆಸುವ ಕಾಗದದ ಮೇಲೆ ಏನೋ ಗೀಚಿಕೊಂಡರು.

ಗಿರಾಕಿಗಳು ಬಂದರು. "ಒಳ್ಳೇ ಭಯಾನಕದ್ದು ಯಾವುದಿದೆ?" ಅಂತ ಎಮಿಲ್‌ರನ್ನೇ ಕೇಳಿದರು, ಹಿಂದಿನ ವರ್ಷಗಳ ಅಭ್ಯಾಸ. ಅವರು ತಲೆ ಎತ್ತದೆ, "ಸ್ವಲ್ಪ ತಡೀರಿ, ಈ ಮುದುಕಿ ಇದಾಳೋ ಇಲ್ವೋ ಇತ್ಯರ್ಥ ಆಗ್ಲಿ" ಅಂದರು. ಗಿರಾಕಿಗಳು ತಡೆದರು, ಪಿರೋಗಿ ತಿಂದರು, ಹೋದರು. ಡೀನಾ ತಾನೇ ಎಮಿಲ್ ಥರ ಮಾಡಲು ಹೊರಟಳು.

"ಕೊನೇದಾಗಿ ಯಾವ ಪುಸ್ತಕ ಅರ್ಧಕ್ಕೆ ಬಿಟ್ಟೆ, ಚಿನ್ನ?"

"ನಿಮ್ದೇ. ಎರಡನೇ ಸಂಪುಟ," ಅಂದಳು ಗಿರಾಕಿ.

ನಾನು ಮಾರುವುದು ಬಿಟ್ಟು ‘ಕೆಳಗಿನ ಮನೆ’ ಓದುತ್ತಾ ಕೂತೆ. ಮೀಟರಿನ ಹನ್ನೊಂದು ಪುಟ ನನಗೆ ಬೇಜಾರಾಯಿತು. ಅದನ್ನು ಎಮಿಲ್‌ಗೆ ಹೇಳಿದೆ. "ನೋಡು, ಇದು ಮಾತು!" ಅಂದರು, ಬಹಳ ಖುಷಿಯಾಗಿ.

ನಾಲ್ಕೂವರೆಗೆ ಎಮಿಲ್ ಎದ್ದು ಸಂತೆ ನಡೆಸುವವರ ಬಳಿ ಹೋಗಿ, ಮುಂದಿನ ವರ್ಷವೂ ಮೇಜು ತಮಗೇ ಇರಲಿ ಅಂದು ಬಂದರು. ಮಾರ್ವಾ ಮಾತು ಮುಗಿಸದೆ ಹೋದಳು. ನಾವು ಪೆಟ್ಟಿಗೆ ತುಂಬಿದೆವು.

ಹೋದ ವರ್ಷದ ಭಾನುವಾರ ನನ್ನವು ಒಂಬತ್ತು, ಡೀನಾಳವು ಹದಿನಾಲ್ಕು, ಓಟಿಸ್‌ನವು ಆರು ಹೋಗಿದ್ದವು. ಈ ಭಾನುವಾರ ನನ್ನದು ಒಂದು, ಡೀನಾಳವು ಎರಡು, ಓಟಿಸ್‌ನದು ಒಂದೂ ಇಲ್ಲ. ಒಟ್ಟು ನಷ್ಟ ಇಪ್ಪತ್ತಾರು ಪುಸ್ತಕ.