ಸ್ನಿಪಲ್‌ಡೂ ಬೋರ್ಡು

ನನ್ನ ತಂಗಿಯ ಗಂಡನಿಗೆ ಕತ್ತರಿ ಹಿಡಿಯಲು ಬರುತ್ತದೆ, ಕತ್ತರಿಸಲು ಬರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೂ ಅದನ್ನು ಗಾಳಿಯಲ್ಲಿ ಕಚಕ್ ಕಚಕ್ ಎನ್ನಿಸುತ್ತಾ ಅಂಗಡಿಯಲ್ಲಿ ನಮ್ಮ ಹೊಲಿಗೆ ಯಂತ್ರಗಳ ನಡುವೆ ಓಡಾಡುತ್ತಿದ್ದ. ಅಳತೆ, ಕಟಿಂಗು ನನ್ನದು. ಹೊಲಿಗೆ ತಂಗಿಯದು, ಹೊಸ ಕಾಲರು, ಹೊಸ ತೋಳು ಯೋಚಿಸುತ್ತಿದ್ದವಳೂ ಅವಳೇ. ಗಿರಾಕಿ ಬಂದಾಗ "ನನ್ನ ಡಿಸೈನು" ಎನ್ನುತ್ತಿದ್ದವನು ಮಾತ್ರ ಅವನು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅವನಿಗೆಂದೇ ತಂಗಿ ಒಂದು ಪದ ಹುಟ್ಟಿಸಿದ್ದಳು: ಸ್ನಿಪಲ್‌ಡೂ. ಕೇಳಲು ಅಪ್ಪಟ ಇಂಗ್ಲಿಷು, ಹುಡುಕಿದರೆ ಯಾವ ಡಿಕ್ಷನರಿಯಲ್ಲೂ ಇಲ್ಲ. ಬಟ್ಟೆ ಮುಟ್ಟದೆ ಗಾಳಿಯನ್ನೇ ಕತ್ತರಿಸುವವನು ಎಂದು ಅರ್ಥ. ಅವನು ಒಳಗೆ ಕಾಲಿಟ್ಟರೆ ಹೊಲಿಯುವ ಹೆಂಗಸರೆಲ್ಲ "ಸ್ನಿಪಲ್‌ಡೂ ಬಂತು" ಎಂದು ಪಿಸುಗುಟ್ಟಿ ನಗುತ್ತಿದ್ದೆವು. ಒಮ್ಮೆ ಅದು ಅವನ ಕಿವಿಗೆ ಬಿತ್ತು. ಏನದು ಎಂದು ಗದರಿದ.

"ಒಳ್ಳೆ ಫಿನಿಶಿಂಗಿಗೆ ಇಂಗ್ಲಿಷಲ್ಲಿ ಹಾಗಂತಾರೆ ಕಣ್ರೀ," ಎಂದಳು ತಂಗಿ, ಸೂಜಿಗೆ ದಾರ ಪೋಣಿಸುತ್ತಲೇ.

ಅಂಗಡಿಯ ಹೊಸ ಬೋರ್ಡಿಗೆ ತಂಗಿಯ ಹೆಸರು ಹಾಕಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಬೋರ್ಡು ಬಂತು. ಉದ್ದಕ್ಕೂ ಸ್ನಿಪಲ್‌ಡೂ, ಪಕ್ಕದಲ್ಲಿ ಅವನ ಫೋಟೋ. ಉಳಿದವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

"ಹೆಸರೂ ಹೋಯ್ತು, ಬೈಗುಳವೂ ಹೋಯ್ತಲ್ಲೇ! ಇವತ್ತಾದ್ರೂ ಬಾಯಿ ಬಿಡೇ," ಎಂದೆ.

"ಸುಮ್ನಿರಕ್ಕಾ," ಎಂದಳು. ಅವಳ ಈ ಸುಮ್ಮನಿರುವಿಕೆಯ ಮೇಲೂ ನನಗೆ ಸಿಟ್ಟು.

ಬೋರ್ಡು ಹಾಕಿದ ದಿನ, ನಮ್ಮ ಹಳೆಯ ಗಿರಾಕಿ ಟೀಚರಮ್ಮ ಪದದ ಅರ್ಥ ಕೇಳಿದರು.

"ನೂರಾರು ವರ್ಷದ ಹಳೇ ಇಂಗ್ಲಿಷ್ ಪದ ಮೇಡಂ. ನಾನೇ ಹುಡುಕಿ ತೆಗೆದಿದ್ದು," ಎಂದು ಬೀಗಿದ ಅವನು, ಅಂಗಡಿ ಬಾಗಿಲಿಗೆ ಕಟ್ಟಿದ್ದ ರಿಬ್ಬನ್ನಿನ ಮುಂದೆ ನಿಂತು ಅಭ್ಯಾಸದಂತೆ ಗಾಳಿಯಲ್ಲಿ ಕಚಕ್ ಕಚಕ್ ಎನ್ನಿಸಿದ. ಆಮೇಲೆ ಕತ್ತರಿ ಹಾಕಿದ. ರಿಬ್ಬನ್ ಅಲಗುಗಳ ನಡುವೆ ಮಡಚಿಕೊಂಡಿತು, ತುಂಡಾಗಲಿಲ್ಲ. ಮತ್ತೆ ಹಾಕಿದ, ಮತ್ತೆ ಮಡಚಿಕೊಂಡಿತು.

ತಂಗಿ ಅವನ ಕೈಯಿಂದ ಕತ್ತರಿ ಕಿತ್ತುಕೊಂಡು ಒಂದೇ ಏಟಿಗೆ ರಿಬ್ಬನ್ ಕತ್ತರಿಸಿದಳು.

"ಹಳೇ ಪದ ಅಲ್ಲ ಮೇಡಂ, ನಾನು ಹುಟ್ಟಿಸಿದ್ದು. ಅರ್ಥ ಈಗ ತಾನೇ ನೋಡಿದ್ರಲ್ಲ."

ಮೊದಲು ನಕ್ಕವರು ಟೀಚರಮ್ಮ. ಅವನ ಮುಖ ಕಪ್ಪಿಟ್ಟಿತು. "ಬೋರ್ಡ್ ಇಳಿಸ್ರೋ!" ಎಂದು ಕಿರುಚಿದ.

"ಯಾಕ್ರೀ ಇಳಿಸ್ತೀರಾ?" ಎಂದಳು ತಂಗಿ. "ಇನ್ಮೇಲೆ ಅಂಗಡೀಲಿ ಇರೋದು ನೀವೊಬ್ರೇ. ಹೆಸರು ಸರಿಯಾಗೇ ಇದೆ."

ಕತ್ತರಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ನಾನು ಅವಳ ಹಿಂದೆಯೇ ನಡೆದೆ.