ಬದಲಿಸಿದ ವೃತ್ತಿ

ಪ್ರೂಫ್ ರೀಡರನ ಪಕ್ಕದ ಕುರ್ಚಿ ಇವತ್ತೂ ಖಾಲಿ. ಉಪಸಂಪಾದಕ ಕಂಬದ ಮರೆಯಿಂದ ನೋಡಿದ. ಅತ್ತ ಹೋಗುವವರೆಲ್ಲ ಸುತ್ತು ಬಳಸಿ ಹೋಗುತ್ತಿದ್ದರು. ಅಥವಾ ತನ್ನ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತಿದೆಯೋ?

ಇದಕ್ಕೆ ಕಾರಣ ಉಪಸಂಪಾದಕನೇ. ಎಚ್‌ಐವಿ ಇರುವವರನ್ನು ಜನ ದೂರವಿಡುವ ಬಗ್ಗೆ ಭಾನುವಾರದ ಪುರವಣಿಗೆ ಬರೆದಿದ್ದ. ಅವನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದವನು ಸೋಂಕಿದ್ದ ಒಬ್ಬ ಬೇಕರಿ ಕೆಲಸಗಾರ. ಗುರುತು ಬಿಟ್ಟುಕೊಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಹೆಸರು ತೆಗೆದ, ಬೀದಿ ತೆಗೆದ, ವಯಸ್ಸು ಬದಲಿಸಿದ. ವೃತ್ತಿಯನ್ನೂ ಬದಲಿಸೋಣವೆಂದು ತಲೆ ಎತ್ತಿದರೆ ಎದುರಿಗೆ ಕರಡು ತಿದ್ದುತ್ತ ಇವನು ಕೂತಿದ್ದ. 'ಪ್ರೂಫ್ ರೀಡರ್' ಎಂದು ಬರೆದುಬಿಟ್ಟ. ನಗರದಲ್ಲಿ ಆ ಕೆಲಸಕ್ಕೆ ಉಳಿದಿರುವುದು ಇವನೊಬ್ಬನೇ ಎಂಬುದು ಮಹಾ ಜಾಣನಿಗೆ ಹೊಳೆಯಲಿಲ್ಲ.

ಸಂಪಾದಕರು ಒಳಗೆ ಕರೆದರು.

"ಲೇಖನ ಚೆನ್ನಾಗಿದೆ ಕಣಯ್ಯ. ಅದು ನಮ್ಮವನೇನಾ?"

"ಅಲ್ಲ ಸಾರ್."

"ಮತ್ತೆ ಯಾರು?"

"ಹೇಳೋ ಹಾಗಿಲ್ಲ."

"ಹಾಗಂದ್ರೆ ನಮ್ಮವನೇ." ಸಂಪಾದಕರು ಕನ್ನಡಕ ತೆಗೆದರು. "ನನಗೇನೂ ಇಲ್ಲಪ್ಪ. ಉಳಿದವರು ಗೊಣಗ್ತಿದಾರೆ. ನಾಳೆಯಿಂದ ಬರೋದು ಬೇಡ ಅಂತ ನೀನೇ ಹೇಳ್ಬಿಡು."

ಅವನಿಗೆ ಆ ಸೋಂಕಿಲ್ಲ ಎಂದು ಕೂಗಾಡಬಹುದಿತ್ತು. ಆದರೆ, ಇದ್ದಿದ್ದರೆ ಕಳಿಸುವುದು ಸರಿ ಎಂದು ತಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಬೇಕರಿಯವನ ಹೆಸರು ಹೇಳುವಂತೆಯೂ ಇಲ್ಲ. ತನ್ನ ಬಗ್ಗೆಯೇ ಅಸಹ್ಯವಾಯಿತು. ಆಯಿತೆಂದು ತಲೆಯಾಡಿಸಿ ಹೊರಗೆ ಬಂದ.

ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತ. ಕೂರಲಿಲ್ಲ.

"ಆ ಲೇಖನ ತಿದ್ದಿದ್ದು ನೀನೇ ಅಲ್ವಾ? ನಿನ್ನ ಕೆಲಸಾನೇ ಹಾಕಿದೀನಿ ಅಂತ ಆಗಲೇ ಯಾಕಪ್ಪ ಹೇಳಲಿಲ್ಲ?"

"ಅದರಲ್ಲಿ ಅಕ್ಷರ ತಪ್ಪಿರಲಿಲ್ಲ ಸಾರ್."

ಇದೆಂಥ ಉತ್ತರ? ಬೇರೆ ಯಾರಾದರೂ ಆಗಿದ್ದರೆ ರಂಪ ಮಾಡುತ್ತಿದ್ದರು. ಇವನೇಕೆ ಸುಮ್ಮನಿದ್ದ? ಸುಮ್ಮನಿರಲು ಕಾರಣವೇನಾದರೂ...

"ನಿನಗೆ ಹಾಗೇನೂ... ಇಲ್ಲ ತಾನೇ?"

ಪ್ರೂಫ್ ರೀಡರ್ ತಲೆ ಎತ್ತಿದ. "ಹಾಗೆ ಕೇಳಬಾರದು ಅಂತ ನೀವೇ ಬರೆದಿದೀರಲ್ಲ ಸಾರ್. ಎರಡನೇ ಕಾಲಂನಲ್ಲಿ."

ಕಾಗದದ ಅಂಚು ತಾಗಿ ಅವನ ಹೆಬ್ಬೆರಳು ಸೀಳಿತ್ತು. ರಕ್ತವನ್ನು ಅಂಗಿಗೆ ಒರೆಸಿಕೊಂಡು, ನಾಳಿನ ಪುಟ ಮುಂದೆ ಹಿಡಿದ.

"ಸಹಿ ಹಾಕಿ ಸಾರ್."

ಮುಟ್ಟಿದರೆ ಅಂಟುವುದಿಲ್ಲ ಎಂದು ಲೇಖನದಲ್ಲಿ ಬರೆದವನೂ ಉಪಸಂಪಾದಕನೇ. ಪುಟದ ತುಂಬ ತಿದ್ದುಪಡಿಯ ಕೆಂಪು ಗುರುತುಗಳು. ಉಪಸಂಪಾದಕ ಕೈ ಚಾಚದೆ, ಅವುಗಳಲ್ಲಿ ಶಾಯಿಯಲ್ಲದ್ದು ಯಾವುದೆಂದು ಹುಡುಕತೊಡಗಿದ.