ಬಾಗಿಲಿಗೆ ಹಾಕಿದ ನೀರು

ಶ್ರೀನಗರದ ಚಳಿಯ ಬಗ್ಗೆ ಹಾಲೇಶ ಮದುವೆಗೆ ಮೊದಲೇ ಉಜ್ವಲಾಳಿಗೆ ಹೇಳಿದ್ದ. ಆದರೆ ಅವನ ಊರಾದ ಭೋಜದ ಗಂಡಸರು ಹೇಳಿದ್ದರಲ್ಲಿ ಅರ್ಧ ಬಿಟ್ಟು ಅರ್ಧ ನಂಬಬೇಕು ಎಂದು ಅವಳ ಊರಾದ ಉಗಾರ ಬುದ್ರುಕದ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ನಲ್ಲಿಯ ನೀರು ನಲ್ಲಿಯೊಳಗೇ ಕಲ್ಲಾಗುತ್ತದೆ ಎಂದಾಗ ಅವಳು ನಕ್ಕಿದ್ದಳು. ಒಣಹಾಕಿದ ಅಂಗಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ ಎಂದಾಗ, "ಸಾಕ್ ಬಿಡ್ರಿ, ನಾ ಏನ್ ಸಣ್ಣ ಹುಡುಗಿ ಅಲ್ಲ" ಎಂದಿದ್ದಳು. ಡಿಸೆಂಬರ್ ಬಂತು, ಎರಡೂ ನಿಜವಾದವು. ನಕ್ಕದ್ದಕ್ಕೆ ಅವಳು ಗಂಡನ ಕ್ಷಮೆ ಕೇಳಲಿಲ್ಲ, ಅದು ಬೇರೆ ಮಾತು.

ಹಾಲೇಶನ ಮನೆಯವರು ಕುರಿ ಸಾಕುವವರು. ಇವನೊಬ್ಬ ಮಾತ್ರ ಹದಿನೈದನೆಯ ವಯಸ್ಸಿಗೇ ಸೋದರಮಾವನ ಬೆನ್ನು ಹತ್ತಿ ಗಲಾಯಿ ಕೆಲಸ ಕಲಿತ. ಹಳೆಯ ಬಂಗಾರ, ಬೆಳ್ಳಿ ಕರಗಿಸಿ ಶುದ್ಧ ಮಾಡುವ ಕೆಲಸ ಅದು. ಶ್ರೀನಗರದ ಹಳೇ ಪೇಟೆಯಲ್ಲಿ ಅವನದೊಂದು ಗೂಡಿನಂಥ ಅಂಗಡಿ. ವಾಸಕ್ಕೆ ಹತ್ತಿರದ ಓಣಿಯಲ್ಲಿ ಸಾಜಾ ಬೇಗಂ ಎಂಬ ಮುದುಕಿಯ ಮನೆಯ ಎರಡು ಕೋಣೆ. ಅಂಗಳದ ಆ ಕಡೆ ಮುದುಕಿ, ಅವಳ ಮಗ ನಜೀರ, ಸೊಸೆ ಶಮೀಮಾ. ಈ ಕಡೆ ಇವರು. ನಡುವೆ ಒಂದು ನಲ್ಲಿ, ನಲ್ಲಿಯ ಪಕ್ಕದಲ್ಲೇ ಇವರ ಬಾಗಿಲಿನ ಎರಡು ಕಲ್ಲು ಮೆಟ್ಟಿಲು.

ಆ ಊರಿನಲ್ಲಿ ದಿನ ತಳ್ಳುವುದೇ ಒಂದು ಉದ್ಯೋಗ. ಬೆಳಿಗ್ಗೆ ಎದ್ದರೆ ಬಕೆಟ್ಟಿನ ಮೇಲಿನ ಮಂಜುಗಡ್ಡೆಯನ್ನು ಒಲೆಯ ಇಕ್ಕಳದಿಂದ ಒಡೆಯಬೇಕು. ಶಮೀಮಾ ಬಿಸಿನೀರು ಸುರಿದು ನಲ್ಲಿಯನ್ನು ಎಬ್ಬಿಸುವತನಕ ಪಾತ್ರೆ ಹಾಗೇ ಕೂತಿರಬೇಕು. ತರಕಾರಿ ಎಂದರೆ ಬೇಸಿಗೆಯಲ್ಲಿ ಒಣಗಿಸಿಟ್ಟ ಬದನೆಕಾಯಿ ಸರ. ಎಲ್ಲರೂ ನಿಲುವಂಗಿಯೊಳಗೆ ಕೆಂಡದ ಬುಟ್ಟಿ ಹಿಡಿದು ನಡೆಯುತ್ತಾರೆ, ಬಸುರಿಯರಂತೆ ಕಾಣುತ್ತಾರೆ. ಕಾಂಗಡಿ ಎನ್ನುವ ಆ ಬುಟ್ಟಿಗೆ ಕೆಂಡ ಕೆದಕಲು ಒಂದು ಸಣ್ಣ ಚಮಚ ಕಟ್ಟಿರುತ್ತದೆ, ನಡೆದಾಗ ಟಿಣ್ ಎನ್ನುತ್ತದೆ. ಸಂಜೆ ಐದಕ್ಕೇ ಓಣಿ ಕತ್ತಲು. ಉಜ್ವಲಾಳನ್ನು ಎಲ್ಲಕ್ಕಿಂತ ಹೆದರಿಸಿದ್ದು ಹಿಮ. ನಮ್ಮ ಕಡೆ ಮಳೆ ಹೇಳಿಕೇಳಿ ಬರುತ್ತದೆ. ಇದು ಸಪ್ಪಳವಿಲ್ಲದೆ ಬಂದು ಮನೆಯ ಸುತ್ತ ನಿಂತಿರುತ್ತದೆ.

ಸಾಜಾ ಬೇಗಂ ಅವಳಿಗೆ ಆ ಊರಿನ ಏಕೈಕ ಬೆಚ್ಚಗಿನ ಜಾಗ. ಇಬ್ಬರ ಹಿಂದಿಯೂ ಕುಂಟುವಂಥದ್ದು, ಆದ್ದರಿಂದ ಚೆನ್ನಾಗಿ ಹೊಂದಿಕೆಯಾಯಿತು. ಮುದುಕಿ ನಸುಕಿನಲ್ಲಿ ರೊಟ್ಟಿ ಸುಡುವ ಭಟ್ಟಿಗೆ ಹೋಗಿ, ಮೇಲೆ ಬೆರಳಿನ ಗೆರೆಗಳಿರುವ ದಪ್ಪ ರೊಟ್ಟಿ ತರುತ್ತಿದ್ದಳು. ಅದನ್ನು ನಿಲುವಂಗಿಯೊಳಗೆ ಕಾಂಗಡಿಗೆ ಒತ್ತಿ ಹಿಡಿದು ತಂದು ಎರಡನ್ನು ಇವರ ಮೆಟ್ಟಿಲ ಮೇಲೆ ಬಟ್ಟೆಯಲ್ಲಿ ಇಡುತ್ತಿದ್ದಳು. ಬಾಡಿಗೆಯವರಿಗೆ ರೊಟ್ಟಿ ಹೊರುವ ಮನೆಯೊಡತಿಯನ್ನು ನಿಪ್ಪಾಣಿಯಲ್ಲಿ ಹುಡುಕಿ ತೋರಿಸಿ, ನೋಡೋಣ.

ಉಜ್ವಲಾ ಬಂದ ಹೊಸದರಲ್ಲಿ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಳು. ಹೊಸ್ತಿಲು ತೊಳೆದು, ಮೆಟ್ಟಿಲಿಗೆ ತಂಬಿಗೆಯಿಂದ ನೀರು ತಳಿದು ಕೈ ಮುಗಿಯುವುದು. ಚಳಿ ಬಿದ್ದ ಮೇಲೆ ಹಾಲೇಶ ಬೇಡವೆಂದ, ಬಿಟ್ಟಳು. ಬಿಟ್ಟದ್ದು ಭೋಜದಲ್ಲಿದ್ದ ಅತ್ತೆ ಕೆಂಪವ್ವಳಿಗೆ ನುಂಗಲಾರದ ತುತ್ತಾಯಿತು. ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲುವ ಎಳ್ಳ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲೇ ಫೋನ್ ಮಾಡಿದಳು.

"ನಾವು ಚರಗಾ ಚೆಲ್ಲಾಕ ಹೊಲಕ್ಕ ಹೊಂಟೇವಿ. ಅಮಾಸಿ ದಿನಾನೂ ಬಾಗಲಾ ಒಣಾ ಇಡಬ್ಯಾಡ ಯವ್ವಾ. ಮನಿಗೆ ಛಲೋ ಅಲ್ಲ."

"ಇಲ್ಲಿ ಥಂಡಿ ಭಾಳ ಐತ್ರಿ ಅತ್ತಿ."

"ಬಿಸಿನೀರ ಹಾಕಿದ್ರ ಮುಗೀತಲ್ಲ."

ಬಿಸಿನೀರು ಹಾಕಿದಳು. ಅರಿಶಿನ ಬೆರೆಸಿ, ಎರಡೂ ಮೆಟ್ಟಿಲ ತುಂಬ. ಹಬೆ ಎದ್ದಿತು, ಮನಸ್ಸಿಗೆ ಹಾಯೆನಿಸಿತು. ಒಳಗೆ ಹೋಗಿ ಕಡುಬಿಗೆ ಹಿಟ್ಟು ನಾದಿದಳು. ಒಂದು ಸಲ ಟಿಣ್ ಎಂದದ್ದು ಕೇಳಿತು. ಆಮೇಲೆ ಏನೋ ಕುಸಿದ ಸದ್ದು. ಬಾಗಿಲು ತೆಗೆದರೆ ಸಾಜಾ ಬೇಗಂ ಮೆಟ್ಟಿಲ ಕೆಳಗೆ ಬಿದ್ದಿದ್ದಳು, ಕೆಂಡಗಳು ಅವಳ ಸುತ್ತ ಚುಯ್ಯೆನ್ನುತ್ತ ಆರುತ್ತಿದ್ದವು. ಮೆಟ್ಟಿಲು ಗಾಜಿನಂತೆ ಹೊಳೆಯುತ್ತಿತ್ತು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಹೋಗಿಬಿಟ್ಟಳು.

ಉಜ್ವಲಾ ಮೊದಲ ದಿನವೇ ಗಂಡನಿಗೆ ಎಲ್ಲ ಹೇಳಿದ್ದಳು. ಅವನು ಎದ್ದು ಬಾಗಿಲ ಚಿಲಕ ಹಾಕಿದ.

"ಯಾರಿಗೂ ಹೇಳಬ್ಯಾಡ," ಎಂದ. "ಈ ಥಂಡ್ಯಾಗ ಹೊರಗ ಹಾಕಿದ್ರ ಎಲ್ಲಿ ಹೋಗೂದು? ಪರದೇಶಿ ಮಂದಿಗೆ ಯಾರ ಮನಿ ಕೊಡ್ತಾರ?"

ಯಾರೂ ಇವರನ್ನು ಕೇಳಲೂ ಇಲ್ಲ. ನಜೀರ ಕೇಳಿದ್ದು ತನ್ನ ಹೆಂಡತಿಯನ್ನು. ದಿನಾ ಬೆಳಿಗ್ಗೆ ನಲ್ಲಿಗೆ ಬಿಸಿನೀರು ಸುರಿಯುವವಳು ಅವಳು, ಮೆಟ್ಟಿಲಿಗೆ ಹರಿದದ್ದು ಅವಳ ನೀರೇ ಎಂದು ಅವನ ಲೆಕ್ಕ. ಶಮೀಮಾ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅಂಗಳದ ಈ ಕಡೆಯಿಂದ ಎಲ್ಲ ಕೇಳಿಸಿಕೊಂಡ ಉಜ್ವಲಾ ನಿಜ ಹೇಳಲಿಲ್ಲ. ಒಳ್ಳೆಯ ಹೆಣ್ಣುಮಗಳೇ, ಆದರೆ ಹೆದರಿಕೆ ಯಾರನ್ನು ಎಷ್ಟು ಸಣ್ಣವರನ್ನಾಗಿ ಮಾಡುತ್ತದೆ ಎಂದು ಹೇಳಲು ಬರುವುದಿಲ್ಲ.

ಮುದುಕಿಯನ್ನು ಮಣ್ಣು ಮಾಡಿದ ಐದನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ರೊಟ್ಟಿ ಇತ್ತು. ಎರಡು. ಬಟ್ಟೆಯಲ್ಲಿ ಸುತ್ತಿದ್ದವು, ಬಿಸಿಯಾಗಿದ್ದವು.

ಶಮೀಮಾ ಇಟ್ಟಿರಬೇಕು ಎಂದು ಉಜ್ವಲಾ ಅಂದುಕೊಂಡಳು. ಬೇರೆ ಯಾರು ಇಡುತ್ತಾರೆ? ಹೋಗಿ ಕೇಳಬಹುದಿತ್ತು. ಕೇಳಿದರೆ ಅವಳ ಮುಖ ನೋಡಬೇಕಾಗುತ್ತಿತ್ತು. ಹಾಲೇಶ ಚಹಾದಲ್ಲಿ ಅದ್ದಿಕೊಂಡು ಎರಡನ್ನೂ ತಿಂದ. "ಛಲೋ ಹೆಣಮಗಳು ಬಿಡು ಶಮೀಮಾ ಭಾಭಿ," ಎಂದ. ಉಜ್ವಲಾ ಒಂದು ಚೂರೂ ಮುಟ್ಟಲಿಲ್ಲ. ರೊಟ್ಟಿಗೆ ಕೆಂಡದ ಹೊಗೆಯ ವಾಸನೆ ಇತ್ತು.

ಮರುದಿನವೂ ಇತ್ತು, ಅದರ ಮರುದಿನವೂ. ರೊಟ್ಟಿ ಶುರುವಾದ ಎಂಟನೆಯ ದಿನ ರಾತ್ರಿಯೆಲ್ಲ ಹಿಮ ಬಿದ್ದು ಬೆಳಿಗ್ಗೆಯೂ ಬೀಳುತ್ತಿತ್ತು. ಬಾಗಿಲು ತೆಗೆದಾಗ ಅಂಗಳ ಮೊಣಕಾಲುದ್ದ ಬೆಳ್ಳಗೆ ಹಾಸಿಕೊಂಡಿತ್ತು. ಅದರಲ್ಲಿ ಒಂದು ಹೆಜ್ಜೆಯ ಗುರುತಿರಲಿಲ್ಲ. ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಹಿಮ ಸೋಕದ ಒಣ ಬಟ್ಟೆಯಲ್ಲಿ ಕೂತಿತ್ತು. ಮುಟ್ಟಿದಳು, ಕೈ ಸುಟ್ಟಂತಾಗಿ ಹಿಂದೆ ತೆಗೆದಳು.

ಆಮೇಲಿನ ಮುಂಜಾನೆಗಳಲ್ಲಿ ಅವಳು ಹಾಲೇಶನಿಗಿಂತ ಮೊದಲೇ ಎದ್ದು ಬಾಗಿಲ ಹಿಂದೆ ಕಂಬಳಿ ಹೊದ್ದು ಕೂರತೊಡಗಿದಳು. ನಸುಕು ಹರಿಯುವ ಹೊತ್ತಿಗೆ ಓಣಿಯ ಕಡೆಯಿಂದ ಟಿಣ್ ಎನ್ನುತ್ತಿತ್ತು. ಸ್ವಲ್ಪ ತಡೆದು ಮತ್ತೆ ಟಿಣ್, ಮೊಣಕಾಲು ನೋವಿನ ಮುದುಕಿಯ ನಡಿಗೆಗೆ ತಕ್ಕಂತೆ. ಅಂಗಳ ದಾಟಿ, ಮೆಟ್ಟಿಲ ಹತ್ತಿರ ನಿಲ್ಲುತ್ತಿತ್ತು. ಒಂದು ಸಲ ಧೈರ್ಯ ಮಾಡಿ ಚಿಲಕ ತೆಗೆದಳು. ರೊಟ್ಟಿ ಇತ್ತು. ಅಂಗಳ ಖಾಲಿ ಇತ್ತು.

"ನಿನಗ ನಿದ್ದಿ ಸಾಲವಲ್ದು," ಎಂದ ಹಾಲೇಶ. "ಮಾರ್ಚದಾಗ ಊರಿಗೆ ಕಳಸ್ತೀನಿ."

"ಊರಿಗೂ ಬರ್ತಾಳರಿ ಆಕಿ," ಎಂದಳು ಉಜ್ವಲಾ.

ಅವನು ಚಹಾದ ಬಟ್ಟಲು ಕೆಳಗಿಟ್ಟ. ಮತ್ತೆ ಆ ಮಾತು ಎತ್ತಲಿಲ್ಲ. ರೊಟ್ಟಿ ತಿನ್ನುವುದನ್ನೂ ಬಿಟ್ಟ.

ಜನವರಿ ಕೊನೆಯ ವಾರ ಅಂಗಳದ ಆ ಕಡೆ ನಜೀರನ ದನಿ ಏರಿತು. ಅಮ್ಮನ ಜೀವ ತೆಗೆದ ಕೈಯಿಂದ ಇನ್ನು ಚಹಾ ಕುಡಿಯಲಾರೆ ಎಂದ. ಅಳುತ್ತಲೇ ಅಂದ. ಅವನು ಕೆಟ್ಟವನಲ್ಲ, ದುಃಖವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದವನು. ಶಮೀಮಾ ಒಂದು ಚೀಲ ಹಿಡಿದು ಹೊರಬಂದಳು. ಕಿಟಕಿಯಲ್ಲಿ ನಿಂತಿದ್ದ ಉಜ್ವಲಾಳನ್ನು ಒಮ್ಮೆ ನೋಡಿ, ಓಣಿಗಿಳಿದು ತವರುಮನೆಗೆ ಹೋದಳು.

ಆ ರಾತ್ರಿ ಉಜ್ವಲಾಳಿಗೆ ಒಂದೇ ಯೋಚನೆ. ನಾಳೆ ರೊಟ್ಟಿ ಇರದಿದ್ದರೆ ಎಲ್ಲ ಶಮೀಮಾಳದೇ ಕೆಲಸ, ಹೆಜ್ಜೆ ಕಾಣದ್ದು ತನ್ನ ಕಣ್ಣಿನ ದೋಷ. ದೇವರೇ, ನಾಳೆ ಮೆಟ್ಟಿಲು ಬರಿದಾಗಿರಲಿ ಎಂದು ಬೇಡಿಕೊಂಡಳು.

ಬೆಳಿಗ್ಗೆ ರೊಟ್ಟಿ ಇತ್ತು. ಈ ಸಲ ಬಾಗಿಲ ಹತ್ತಿರ ಇರಲಿಲ್ಲ. ಕೆಳಗೆ, ಮುದುಕಿ ಬಿದ್ದ ಜಾಗದಲ್ಲಿತ್ತು. ಬಟ್ಟೆ ಬಿಚ್ಚಿದರೆ ಒಂದೇ ರೊಟ್ಟಿ, ಅದೂ ಅರ್ಧ ಮುರಿದದ್ದು.

ಉಜ್ವಲಾ ಹಾಲೇಶನನ್ನು ಎಬ್ಬಿಸಿದಳು. "ಎಲ್ಲಿ ಕಳಸ್ತಾರೋ ಅಲ್ಲಿಗೆ ಹೋಗೂಣ್ರಿ. ನಾ ಹೇಳಾಕ ಹೊಂಟೇನಿ." ಅವನು ತಡೆಯಲಿಲ್ಲ. ಅವಳ ಹೆಗಲಿಗೆ ತನ್ನ ಕಂಬಳಿ ಹೊದಿಸಿದ, ಅಷ್ಟೇ.

ಶಮೀಮಾಳ ತವರು ಮೂರು ಓಣಿ ಆಚೆ. ಅವಳು ಒಬ್ಬಳೇ ಕೂತು ಒಣ ಬದನೆಕಾಯಿ ಸರ ಬಿಡಿಸುತ್ತಿದ್ದಳು. ಉಜ್ವಲಾ ನಿಂತಲ್ಲೇ ಹೇಳಿದಳು. ಅಮಾವಾಸ್ಯೆ, ತಂಬಿಗೆ, ಅರಿಶಿನ, ಬಿಸಿನೀರು. ಹಿಂದಿ ಸಾಲದೆ ಹೋದಲ್ಲಿ ಕೈಯಿಂದ ನೀರು ತಳಿಯುವುದನ್ನು ಮಾಡಿ ತೋರಿಸಿದಳು.

"ನನಗೆ ಗೊತ್ತು," ಎಂದಳು ಶಮೀಮಾ. "ನಾನು ಕಿಟಕಿಯಲ್ಲಿದ್ದೆ. ನೀರು ಹಾಕಿ ಕೈ ಮುಗಿದದ್ದನ್ನು ನೋಡಿದೆ."

ಶಮೀಮಾ ಬದನೆಕಾಯಿ ಸರ ಪಕ್ಕಕ್ಕಿಟ್ಟಳು.

"ಕೆಳಗಿಳಿದು ಬೂದಿ ಹಾಕಬೇಕು ಎಂದುಕೊಂಡೆ. ಬೂದಿ ಹಾಕಿದರೆ ಜಾರುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹಾಲು ಇಳಿಸಿ ಬರುವಷ್ಟರಲ್ಲಿ ಅತ್ತೆ ಬಿದ್ದಿದ್ದರು. ಗಂಡ ಬೈದಾಗ ಸುಳ್ಳು ಅನಿಸಲಿಲ್ಲ, ಸುಮ್ಮನಿದ್ದೆ. ನನಗೆ ಹೋಗಲು ತವರಿದೆ. ನಿಮ್ಮನ್ನು ಈ ಚಳಿಯಲ್ಲಿ ಹೊರಗೆ ಹಾಕಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ?"

ಹಾಲೇಶ ಆಡಿದ ಮಾತೇ ಇವಳ ಬಾಯಲ್ಲಿ. ಉಜ್ವಲಾ ಕುಸಿದು ಕೂತು ಅತ್ತಳು. ತಿಂಗಳಿನಿಂದ ಕಟ್ಟಿಟ್ಟ ಅಳು, ನಿಲ್ಲಲು ಹೊತ್ತು ಹಿಡಿಯಿತು. ಶಮೀಮಾ ತನ್ನ ಕಾಂಗಡಿಯನ್ನು ಅವಳ ಮುಂದೆ ಸರಿಸಿದಳು.

"ರೊಟ್ಟಿ ಮಾತ್ರ ನಿಮಗೆ ತಂದುಕೊಡಲು ಆಗಲಿಲ್ಲ," ಎಂದಳು. "ಅತ್ತೆಯಂತೆ ನಾನೂ ಕೊಡಬೇಕು ಎಂದು ದಿನಾ ಅನಿಸುತ್ತಿತ್ತು. ಸಿಟ್ಟಿತ್ತು ತಂಗಿ, ಕೈ ಬರಲಿಲ್ಲ."

ಉಜ್ವಲಾ ತಲೆ ಎತ್ತಿದಳು.

ಮಧ್ಯಾಹ್ನ ನಜೀರನ ಮುಂದೆ ಹಾಲೇಶನೊಡನೆ ನಿಂತು ಎಲ್ಲವನ್ನೂ ಮತ್ತೆ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ಕೂಗಾಡಲಿಲ್ಲ. ಹಿಮ ಕರಗಿದ ಮೇಲೆ ಮನೆ ಬಿಡಿ ಎಂದ, ಅದಕ್ಕೆ ಮೊದಲು ಬೇಡ ಎಂದ. ಆಮೇಲೆ ಟೋಪಿ ಹಾಕಿಕೊಂಡು ಹೆಂಡತಿಯನ್ನು ಕರೆಯಲು ಓಣಿಗಿಳಿದ. ಸಂಜೆಯ ಹೊತ್ತಿಗೆ ಆ ಕಡೆಯ ಅಡಿಗೆಮನೆಯಲ್ಲಿ ದೀಪ ಹತ್ತಿತು.

ಮರುದಿನ ನಸುಕಿನಲ್ಲಿ ಉಜ್ವಲಾ ಬಾಗಿಲು ತೆಗೆದಾಗ ಶಮೀಮಾ ನಲ್ಲಿಯ ಹತ್ತಿರ ಬಿಸಿನೀರು ಸುರಿಯುತ್ತಿದ್ದಳು. ಇಬ್ಬರೂ ಮುಖ ತಪ್ಪಿಸಲಿಲ್ಲ. ನೀರು ಎರಡೂ ಮೆಟ್ಟಿಲಿಗೆ ಚಿಮ್ಮಿ ಆಗಲೇ ಹೊಳೆಯತೊಡಗಿತ್ತು. ಆಗ ಓಣಿಯ ತಿರುವಿನಿಂದ ಕೇಳಿತು. ಟಿಣ್. ಸ್ವಲ್ಪ ತಡೆದು, ಮತ್ತೆ ಟಿಣ್.

ಶಮೀಮಾಳ ಕೈಯಲ್ಲಿದ್ದ ಕೆಟಲ್ ನಿಂತುಬಿಟ್ಟಿತು. ಅವಳ ಮುಖ ನೋಡಿದ ಮೇಲೆ, ಆ ಸದ್ದು ಅವಳಿಗೂ ಕೇಳುತ್ತಿದೆ ಎಂದು ಉಜ್ವಲಾಳಿಗೆ ತಿಳಿಯಿತು. ಉಜ್ವಲಾ ಒಳಗೆ ಓಡಿದಳು, ಬಾಗಿಲು ಹಾಕಿಕೊಳ್ಳಲು ಅಲ್ಲ. ಒಲೆಯ ಬೂದಿಯನ್ನೆಲ್ಲ ಮೊರಕ್ಕೆ ಬಾಚಿ ತಂದಳು. ಶಮೀಮಾ ಬಗ್ಗಿ ಅರ್ಧ ತೆಗೆದುಕೊಂಡಳು. ಸದ್ದು ಅಂಗಳದ ಬಾಗಿಲಿಗೆ ಬರುವಷ್ಟರಲ್ಲಿ ಇಬ್ಬರೂ ಸೇರಿ ಎರಡು ಮೆಟ್ಟಿಲ ತುಂಬ ಬೂದಿ ಹರಡಿದರು, ಬರುವವರು ಜಾರಬಾರದೆಂದು.